ಒಂದೇ ಥಾನಿನ ಅಂಗಿಗಳು

ಆ ವರ್ಷ ಕ್ರಿಸ್ಮಸ್ಸಿಗೆ ನಮ್ಮ ಸಭೆಯ ಗಂಡಸರೆಲ್ಲ ಒಂದೇ ಬಟ್ಟೆಯ ಅಂಗಿ ಹೊಲಿಸಿಕೊಂಡಿದ್ದರು. ಸಭೆ ಎಂದರೆ ದೊಡ್ಡದೇನಲ್ಲ. ರಾಯಚೂರು ಕಡೆಯಿಂದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದ ಕೆಲವು ಕನ್ನಡ ಕ್ರೈಸ್ತ ಮನೆಗಳು, ಅಷ್ಟೇ. ನಮಗೆ ಸ್ವಂತ ಚರ್ಚು ಇರಲಿಲ್ಲ. ನಾಚಾರಂನಲ್ಲಿ ತೆಲುಗಿನವರ ಒಂದು ಚರ್ಚಿತ್ತು. ಭಾನುವಾರ ಅವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನದ ಹೊತ್ತು ನಮಗೆ ಬಿಟ್ಟುಕೊಡುತ್ತಿದ್ದರು. ನಾವು ಒಳಗೆ ಹೋಗುವಾಗ ಅವರ ಹೆಂಗಸರು ಮುಡಿದಿದ್ದ ಮಲ್ಲಿಗೆಯ ವಾಸನೆ ಇನ್ನೂ ಇರುತ್ತಿತ್ತು.

ಬಟ್ಟೆ ತಿಳಿನೀಲಿ, ಮೇಲೆ ಸಣ್ಣ ಬೂದು ಗೆರೆ. ಇಡೀ ಥಾನು ಒಟ್ಟಿಗೆ ತಂದವರು ನಮ್ಮಪ್ಪ. ಒಬ್ಬನೇ ದರ್ಜಿ ಎಲ್ಲರಿಗೂ ಹೊಲಿದ. ಅಪ್ಪನೂ ಕಾಕಾನೂ ಅದನ್ನು ಹಾಕಿಕೊಂಡು ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತು ನಕ್ಕಳು.

"ಏನೋ ಇದು, ಬ್ಯಾಂಡಿನವ್ರ ಕಂಡಂಗ ಕಾಣಾಕತ್ತೀರಲ್ಲ ಇಬ್ರೂ!"

"ಬ್ಯಾಂಡಿನವ್ರಿಗೆ ಟೊಪಗಿ ಇರತೈತ್ರಿ ವೈನಿ," ಎಂದ ಕಾಕಾ. "ಅದನ್ನ ನೀವು ಹೊಲಿಸಿಕೊಡ್ರಿ. ಆಮ್ಯಾಲ ಮದಿವಿ ಹಿಡೀತೀವಿ."

ಕಾಕಾ ಅಂದರೆ ರಕ್ತಸಂಬಂಧಿಯಲ್ಲ. ಅಪ್ಪನ ಊರಿನವನು, ಅಪ್ಪನಿಗಿಂತ ಚಿಕ್ಕವನು. ಅಪ್ಪನೇ ಅವನನ್ನು ಕರೆತಂದು ತಾನು ಕೆಲಸ ಮಾಡುವ ಕಾರ್ಖಾನೆಗೆ ಸೇರಿಸಿದ್ದು. ಮದುವೆಯಾಗುವವರೆಗೂ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ. ಅವ್ವ ಅವನನ್ನು ತಮ್ಮನ ಹಾಗೆ 'ಬಾರೋ, ಉಣ್ಣೋ' ಎಂದೇ ಕರೆಯುತ್ತಿದ್ದಳು.

ನಾನು ಕಣ್ಣಾರೆ ಕಂಡದ್ದು ಸ್ವಲ್ಪ, ಕೇಳಿ ತಿಳಿದದ್ದು ಹೆಚ್ಚು. ಎರಡನ್ನೂ ಬೆರೆಸದೆ ಹೇಳಲು ಪ್ರಯತ್ನಿಸುತ್ತೇನೆ.

ಅವರ ಕಾರ್ಖಾನೆ ಬಟ್ಟೆ ಒಗೆಯುವ ಪುಡಿ ಮಾಡುವಂಥದ್ದು. ಪುಡಿ ಕಲಸಲು ಒಂದು ಉದ್ದನೆಯ ಕಬ್ಬಿಣದ ತೊಟ್ಟಿ, ಒಳಗೆ ತಿರುಗುವ ಅಲಗುಗಳು. ದಿನವೂ ಪುಡಿ ಗೋಡೆಗೆ ಗಟ್ಟಿಯಾಗಿ ಹತ್ತಿಕೊಳ್ಳುತ್ತಿತ್ತು. ಯಾರಾದರೂ ಒಳಗಿಳಿದು ಕೆರೆದು ತೆಗೆಯಬೇಕು. ಇಳಿಯುವ ಮುಂಚೆ ಗೋಡೆಯ ಬೋರ್ಡಿನಿಂದ ಬಿಳಿ ಪಿಂಗಾಣಿಯ ಫ್ಯೂಸನ್ನು ಕಿತ್ತು, ಇಳಿಯುವವನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಫ್ಯೂಸು ಅವನ ಜೇಬಿನಲ್ಲಿರುವ ತನಕ ಯಂತ್ರ ತಿರುಗುವ ಹಾಗಿಲ್ಲ. ಈ ಪದ್ಧತಿ ಮಾಡಿದವರು ಅಪ್ಪನೇ. ಬೀದಿಗೆ ಹೋದ ಮೇಲೂ ತಿರುಗಿ ಬಂದು ಸ್ಟೋವು ಆರಿದೆಯೇ ಎಂದು ನೋಡಿ ಹೋಗುವ ಮನುಷ್ಯ ಅವರು.

ಆದರೆ ಆ ಸೋಡಾಪುಡಿ ಬೆವರಿಗೆ ಸೇರಿದರೆ ಕುತ್ತಿಗೆ ಉರಿಯುತ್ತದೆ. ಅದಕ್ಕೆ ಎಲ್ಲರೂ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಬನಿಯನ್ನಿನಲ್ಲೇ ಇಳಿಯುತ್ತಿದ್ದರು. ಫ್ಯೂಸು ಅಂಗಿಯ ಜೇಬಿನಲ್ಲಿ, ಅಂಗಿ ಮೊಳೆಯ ಮೇಲೆ. ಒಬ್ಬರ ಅಂಗಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ ಎಂಬ ನಂಬಿಕೆಯ ಮೇಲೆ ಅದು ನಡೆಯುತ್ತಿತ್ತು.

ಕ್ರಿಸ್ಮಸ್ಸಿನ ಅಂಗಿಗಳು ಮಳೆಗಾಲದ ಹೊತ್ತಿಗೆ ಕೆಲಸದ ಅಂಗಿಗಳಾಗಿದ್ದವು. ಒಂದು ದಿನ ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ಯಾರೋ ಬಂದು ಕರೆದುಕೊಂಡು ಹೋದರು. ಅಪ್ಪ ತೊಟ್ಟಿಯೊಳಗಿದ್ದಾಗ ಯಂತ್ರ ತಿರುಗಿತ್ತು. ಅದರ ಬಗ್ಗೆ ಇಷ್ಟೇ ಹೇಳಬಲ್ಲೆ.

ಮಣ್ಣು ಮಾಡಿದ ಮಾರನೆಯ ದಿನ ಕಾರ್ಖಾನೆಯ ಕಾವಲುಗಾರ ಒಂದು ಪೊಟ್ಟಣ ತಂದುಕೊಟ್ಟ. ಬುತ್ತಿಡಬ್ಬಿ, ಚಪ್ಪಲಿ, ಮಡಿಸಿದ ಅಂಗಿ. ಇದು ನಾನು ಕಂಡದ್ದು. ಅವ್ವ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಮುಖಕ್ಕೆ ಒತ್ತಿಕೊಳ್ಳುತ್ತಾಳೇನೋ ಎಂದುಕೊಂಡೆ. ಒತ್ತಿಕೊಳ್ಳಲಿಲ್ಲ. ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಮುಟ್ಟುತ್ತಾ ಬಂದು ಕೊನೆಯದರ ಮೇಲೆ ಬೆರಳು ನಿಲ್ಲಿಸಿದಳು.

"ಇಲ್ಲಿ ಬಾ. ಇದನ್ನ ನೋಡು."

ನೋಡಿದೆ. ಬಿಳಿ ಗುಂಡಿ.

"ನಿಮ್ಮಪ್ಪನ ಅಂಗಿಗೆ ಕೆಳಗಿನ ಗುಂಡಿ ಕರೇದು. ನಿನ್ನ ಹಳೆ ಲಂಗದ್ದು ಕಿತ್ತು ನಾನ ಹಚ್ಚಿದ್ದೆ. ಪ್ಯಾಂಟಿನಾಗ ಸೇರಿಸಿದ್ರ ಕಾಣೂದಿಲ್ಲ ಅಂತ."

ಅವಳ ದನಿ ಅಂಗಡಿಯಲ್ಲಿ ಬೇರೆಯವರ ಸಾಮಾನು ಕೈಗೆ ಬಂದಾಗ ಇರುವ ದನಿಯಂತಿತ್ತು. ಅಂಗಿಯನ್ನು ಮೊದಲಿನ ಗೆರೆಗಳ ಮೇಲೇ ಮಡಿಸಿ ಟ್ರಂಕಿನಲ್ಲಿಟ್ಟಳು. ಅದು ಕಾಕಾನ ಅಂಗಿ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು. ಅಪ್ಪನ ಅಂಗಿ ಕಾಕಾ ಹಾಕಿಕೊಂಡು ಹೋಗಿದ್ದಾನೆ ಎಂಬುದೂ ಗೊತ್ತಾಯಿತು. ಗಡಿಬಿಡಿಯಲ್ಲಿ ಬದಲಾಗಿರಬೇಕು ಎಂದುಕೊಂಡೆವು.

ಆಮೇಲೆ ಕಾರ್ಖಾನೆಯಲ್ಲಿ ವಿಚಾರಣೆಯಾಯಿತು. ಕಾಕಾ ಹೇಳಿದನಂತೆ: ಫ್ಯೂಸು ಬೋರ್ಡಿನಲ್ಲೇ ಇತ್ತು, ಅಣ್ಣ ಅದನ್ನು ಕಿತ್ತಿರಲಿಲ್ಲ, ಮರೆತಿರಬೇಕು. ಎಲ್ಲರೂ ಒಪ್ಪಿದರು. ಮನೆಗೆ ಬಂದವರೆಲ್ಲ 'ಪಾಪ, ಒಂದ ಸಲ ಮರ್ತ್ರು ನೋಡ್ರಿ' ಎನ್ನತೊಡಗಿದರು. ಆಗ ಅವ್ವನಿಗೆ ಪೂರ್ತಿ ತಿಳಿಯಿತು. ಅಪ್ಪ ಫ್ಯೂಸು ಕಿತ್ತು ಜೇಬಿಗೆ ಹಾಕಿದ್ದರು. ಕಾಕಾ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡಿದ್ದ, ತನ್ನದೆಂದು. ಜೇಬಿನಲ್ಲಿ ಫ್ಯೂಸು ಸಿಕ್ಕಿತ್ತು. ಅದನ್ನು ಬೋರ್ಡಿಗೆ ಹಾಕಿ ಯಂತ್ರದ ಸ್ವಿಚ್ಚು ಒತ್ತಿದ್ದ.

ಅವ್ವ ಯಾರಿಗೂ ಹೇಳಲಿಲ್ಲ. ನಾನು ಕೇಳಿದಾಗ, "ಹೇಳಿದ್ರ ಅವ್ರ ಕೆಲಸ ಹೋಗ್ತಿತ್ತು. ನಿಮ್ಮಪ್ಪ ಬರ್ತಿದ್ರೇನು?" ಎಂದಳು. ಕಾಕಾನನ್ನು ಅವನು ಎನ್ನುತ್ತಿದ್ದವಳು ಅವರು ಎನ್ನತೊಡಗಿದ್ದಳು.

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿಯ ತುಣುಕು, ಒಂದೇ ಬಟ್ಟಲಿನಿಂದ ಎಲ್ಲರಿಗೂ ದ್ರಾಕ್ಷಾರಸ. ಅದರ ಹಿಂದಿನ ಶನಿವಾರ ನಮ್ಮ ಪಾಸ್ಟರ್, ನಾವು ಅಯ್ಯನವರು ಎನ್ನುತ್ತಿದ್ದೆವು, ಕೊಡೆ ಹಿಡಿದು ಮನೆಮನೆಗೆ ಬರುತ್ತಿದ್ದರು. ಚಹಾ ಕುಡಿದು ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇದೆಯೇ? ಇದ್ದರೆ ಮೊದಲು ಅದನ್ನು ಸರಿಮಾಡಿಕೊಂಡು ಆಮೇಲೆ ಮೇಜಿಗೆ ಬರಬೇಕು. ಜನ ಸಾಮಾನ್ಯವಾಗಿ ಇಲ್ಲ ಎನ್ನುತ್ತಿದ್ದರು. ಕೆಲವರು ಅಂದೇ ಸಂಜೆ ಪಕ್ಕದ ಮನೆಗೆ ಹೋಗಿ ನಲ್ಲಿನೀರಿನ ಜಗಳ ಮುಗಿಸಿಕೊಂಡು ಬರುತ್ತಿದ್ದರು.

ಅಪ್ಪ ಹೋದ ಮೇಲೆ ಅಂಥ ಮೊದಲ ಶನಿವಾರ ಅಯ್ಯನವರು ಕೇಳಿದಾಗ ಅವ್ವ, "ಐತ್ರಿ," ಎಂದಳು.

"ಯಾರ ಮ್ಯಾಲಮ್ಮ?"

"ಅದನ್ನ ದೇವ್ರಿಗೆ ಹೇಳೀನ್ರಿ."

"ಹಂಗಾರ ನಾಳಿಗೆ?"

"ನಾಳಿಗೆ ನಾ ಕುಂತಿರ್ತೀನ್ರಿ."

ಕುಳಿತೇ ಇದ್ದಳು. ಗಂಡಸರ ಸಾಲು ಮುಂದೆ ಹೋಗಿ ಮೊಣಕಾಲೂರಿತು, ಆಮೇಲೆ ಹೆಂಗಸರ ಸಾಲು. ಅವ್ವ ಬೆಂಚಿನಲ್ಲಿ, ಅವಳಿಗೆ ಜೊತೆಯಾಗಿ ನಾನು. ಆಚೆ ಗಂಡಸರ ಕಡೆ ಇನ್ನೊಬ್ಬ ಕುಳಿತಿದ್ದ. ಕಾಕಾ. ಅವನೂ ಎದ್ದಿರಲಿಲ್ಲ. ಇಬ್ಬರೂ ದುಃಖಕ್ಕೆ ಕುಳಿತಿದ್ದಾರೆ ಎಂದು ಸಭೆ ತಿಳಿಯಿತು. ಮುಂದಿನ ತಿಂಗಳೂ ಹಾಗೆಯೇ. ಅದರ ಮುಂದಿನ ತಿಂಗಳೂ. ಕೊನೆಗೆ ಅದು ರೂಢಿಯಾಗಿ, ಸಾಲು ಹಚ್ಚುವವರು ನಮ್ಮ ಬೆಂಚನ್ನು ನೋಡದೆ ದಾಟುತ್ತಿದ್ದರು.

ಆ ಮೇಜನ್ನು ಬಿಟ್ಟು ಕುಳಿತುಕೊಳ್ಳುವುದು ಅವ್ವನಿಗೆ ಏನಾಗಿತ್ತು ಎಂಬುದನ್ನು ನಾನು ತಡವಾಗಿ ಅರ್ಥ ಮಾಡಿಕೊಂಡೆ. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು ಹಾಸ್ಟೆಲಿನಲ್ಲಿ ಬೆಳೆದವಳು. ತನ್ನನ್ನೂ ಲೆಕ್ಕಕ್ಕೆ ಹಿಡಿದು ಬಡಿಸುವ ಜಾಗ ಅದೊಂದೇ ಎಂದು ಒಮ್ಮೆ ಹೇಳಿದ್ದಳು. ತಿಂಗಳಿಗೊಮ್ಮೆ ಆ ಜಾಗದ ಎದುರಿಗೇ ಕುಳಿತು ಎದ್ದುಬರುತ್ತಿದ್ದಳು. ಸುಳ್ಳು ಹೇಳಿ ಹೋಗಬಹುದಿತ್ತು. ಹೋಗಲಿಲ್ಲ.

ಇನ್ನೊಂದು ಕಡೆ ಮನೆಯ ಪ್ರಾರ್ಥನೆ ಇತ್ತು. ದೀಪ ಹಚ್ಚುವ ಹೊತ್ತಿಗೆ ಅಪ್ಪ ಮಾಡುತ್ತಿದ್ದ ಪ್ರಾರ್ಥನೆ. ಅದರಲ್ಲಿ ಹೆಸರುಗಳು ಒಂದು ಕ್ರಮದಲ್ಲಿ ಬರುತ್ತಿದ್ದವು. ಊರಿನ ಅಜ್ಜಿ, ಅಯ್ಯನವರು, ನಾಡನ್ನು ಆಳುವವರು, ಕಾರ್ಖಾನೆಯ ಸೇಠರು, ನಂತರ ಕಾಕಾ ಮತ್ತು ಅವನ ಮನೆ, ನಂತರ ಕೆಳಗಿನ ಮನೆಯ ತೆಲುಗು ಅಜ್ಜಿಯ ಮೊಣಕಾಲು, ಕೊನೆಗೆ ನನ್ನ ಓದು. ಅಪ್ಪನ ಬಾಯಲ್ಲಿ ಅದು ರೈಲು ನಿಲ್ದಾಣಗಳ ಹಾಗೆ ಒಂದಾದ ಮೇಲೊಂದು ಬರುತ್ತಿತ್ತು.

ಈಗ ಪ್ರಾರ್ಥನೆ ಅವ್ವನ ಪಾಲಿಗೆ ಬಂತು. ವಿಚಾರಣೆಯ ಸುದ್ದಿ ಬಂದ ಸಂಜೆಯೂ ಅವಳು ಅದೇ ಕ್ರಮದಲ್ಲಿ ಹೇಳುತ್ತಾ ಬಂದಳು. ಸೇಠರಾದ ಮೇಲೆ ತಡೆದಳು. ನಾನು ಕಣ್ಣು ಬಿಟ್ಟು ನೋಡಿದೆ. ಅವಳದು ಮುಚ್ಚಿಯೇ ಇತ್ತು. ಕಾಕಾನ ಹೆಸರು ಹೇಳಿದಳು. ಅಜ್ಜಿಯ ಮೊಣಕಾಲಿಗೆ ಹೋದಳು.

"ಅವ್ರ ಹೆಸರ ಯಾಕ ಹೇಳ್ದಿ?" ಎಂದು ಜಗಳಕ್ಕೆ ಹೋದೆ.

"ನಿಮ್ಮಪ್ಪ ಹೇಳ್ತಿದ್ರು."

"ಅಪ್ಪಗ ಗೊತ್ತಿತ್ತೇನು ಹಿಂಗಾಗತೈತಿ ಅಂತ?"

"ನಡುವಿಂದ ಒಂದ ಬಿಟ್ರ ನನಗ ಮುಂದಿಂದು ನೆನಪಾಗೂದಿಲ್ಲ. ಸುಮ್ನಿರು."

ಅದು ನೆಪವಲ್ಲ, ನಿಜ. ಅವಳಿಗೆ ಬೇರೆ ಪ್ರಾರ್ಥನೆ ಬರುತ್ತಿರಲಿಲ್ಲ. ಹಾಗಾಗಿ ದಿನವೂ ಆ ಹೆಸರು ಬಂತು. ಕೆಳಗಿನ ಅಜ್ಜಿ ಮಗನ ಜೊತೆ ಮಿಯಾಪುರಕ್ಕೆ ಹೋದ ಮೇಲೂ ಅವಳ ಮೊಣಕಾಲು ನಮ್ಮಲ್ಲೇ ಉಳಿಯಿತು. ಸೇಠರು ತೀರಿಹೋದ ಮೇಲೆ ಅವರ ಮನೆಯವರು ಆ ಜಾಗಕ್ಕೆ ಬಂದರು. ಕಾರ್ಖಾನೆ ಮುಚ್ಚಿತು. ಕಾಕಾ ಲಿಂಗಂಪಲ್ಲಿ ಕಡೆ ಬೇರೆ ಕೆಲಸ ಹಿಡಿದ. ಅಷ್ಟು ದೂರದಿಂದ ರೈಲು, ಬಸ್ಸು ಬದಲಿಸಿ ಭಾನುವಾರ ಬಂದು ಅದೇ ಬೆಂಚಿನಲ್ಲಿ ಕೂರುತ್ತಿದ್ದ. ನಾನು ಕಾಲೇಜು ಮುಗಿಸಿ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಆ ವರ್ಷಗಳಲ್ಲಿ ನನಗೆ ಏನನ್ನಿಸುತ್ತಿತ್ತು ಎಂದು ಈಗ ಕೇಳಿಕೊಂಡರೆ ಉತ್ತರ ಬರುವುದಿಲ್ಲ. ಕಿವಿಯಲ್ಲಿ ನೀರು ಹೊಕ್ಕಾಗ ಹೊರಗಿನ ಸದ್ದು ಹೇಗಿರುತ್ತದೋ ಹಾಗೆ ಎಲ್ಲವೂ ದೂರದಲ್ಲಿ ನಡೆಯುತ್ತಿತ್ತು.

ಒಂದು ಶನಿವಾರ ಅಯ್ಯನವರು ಬಂದು ವಾಡಿಕೆಯ ಪ್ರಶ್ನೆ ಕೇಳಿ, ಉತ್ತರ ಗೊತ್ತಿದ್ದವರಂತೆ ಚಹಾದ ಬಟ್ಟಲು ಕೆಳಗಿಟ್ಟು ಕೊಡೆ ತೆಗೆದುಕೊಂಡರು.

"ಅಯ್ನೋರ, ಒಂದ ಕೇಳ್ಲೇನ್ರಿ?" ಎಂದಳು ಅವ್ವ. "ಬಿಟ್ಟೀನಿ ಅಂತ ಬಾಯಿಲೆ ಹೇಳ್ತೀನಿ. ಒಳಗ ಏನೂ ಅನಸೂದಿಲ್ಲ. ಸಿಟ್ಟೂ ಇಲ್ಲ, ಪ್ರೀತೀನೂ ಇಲ್ಲ. ಕಟ್ಟಿಗಿ ಇದ್ದಂಗ ಐತಿ. ಅದು ಕ್ಷಮಾ ಆಗತೈತೇನ್ರಿ?"

ಅಯ್ಯನವರು ಮತ್ತೆ ಕುಳಿತರು. ಕೊಡೆಯನ್ನು ಗೋಡೆಗೆ ಒರಗಿಸಿದರು. ಅದಕ್ಕಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ.

"ಅನಸೂದು ನಿಮ್ಮ ಕೈಯಾಗಿಲ್ಲಮ್ಮ," ಎಂದರು ಕೊನೆಗೆ. "ಅವ್ರಿಗೆ ಕೇಡು ಬಯಸ್ತೀರೇನು?"

"ಇಲ್ರಿ. ಹೆಂಗ ಬಯಸ್ಲಿ? ದಿನಾ ಸಂಜಿಗೆ ಅವ್ರ ಮಕ್ಕಳನ್ನ ಕಾಪಾಡು ಅಂತ ಹೇಳ್ಕೋತ, ಮತ್ತ ಹಗಲೆಲ್ಲ ದ್ವೇಷ ಮಾಡೂದು ಭಾಳ ಕಷ್ಟ ಐತ್ರಿ. ಬ್ಯಾಸರ ಬಂದುಬಿಡತೈತಿ."

ಅಯ್ಯನವರಿಗೆ ನಗು ಬಂತು, ತಡೆದುಕೊಂಡರು. ಯಾರ ಬಗ್ಗೆ ಎಂದು ಆಗಲೂ ಕೇಳಲಿಲ್ಲ. ಅವ್ವನೇ ಕಾಕಾನ ಹೆಸರು ಹೇಳಿ, "ಅವ್ರ ಅಂಗಿ ನನ್ನ ಹತ್ರ ಐತಿ. ಬಂದು ಒಯ್ಯಲಿ ಅಂತ ಹೇಳಿಬಿಡ್ರಿ," ಎಂದಳು. ಅಯ್ಯನವರಿಗೆ ಅರ್ಥವಾಗಲಿಲ್ಲ. ಹೇಳುತ್ತೇನೆ ಎಂದು ಹೋದರು.

ನಾನು ಅವ್ವನ ಮೇಲೆ ರೇಗಿದೆ. ಅವರು ತಪ್ಪಾಯಿತು ಎಂದು ಬಂದು ಕೇಳಿದ್ದಾರೆಯೇ, ಕೇಳದೆ ಬಿಟ್ಟುಕೊಡುವುದು ಏಕೆ ಎಂದೆ. ಅವ್ವ ಅಕ್ಕಿ ಆರಿಸುತ್ತಿದ್ದಳು.

"ಶಿಲುಬಿ ಮ್ಯಾಲ ಇದ್ದಾಗ ಆತನ ಹತ್ರ ಯಾರು ಬಂದು ತಪ್ಪಾತು ಅಂದಿದ್ರು? ಸಿಪಾಯಿಗಳು ಕೆಳಗ ಕುಂತು ಆತನ ಅರಿವಿ ಹಂಚಿಕೊಳ್ಳಾಕತ್ತಿದ್ರು. ಆದ್ರೂ ಬಿಟ್ಟ. ನನ್ನೂ ಹಂಗ ಬಿಟ್ಟಾನ. ನಾನೊಬ್ಬಾಕಿ ಹಿಡಕೊಂಡು ಎಷ್ಟ ದಿನ ಕುಂದರ್ಲಿ?"

ಮುಂದಿನ ತಿಂಗಳ ಭೋಜನದ ಹಿಂದಿನ ದಿನ ಸಂಜೆ ಕಾಕಾ ಬಂದ. ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಕಟ್ಟು. ತಲೆ ನರೆತಿತ್ತು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

"ಬರ್ರಿ, ಕುಂದರ್ರಿ," ಎಂದಳು ಅವ್ವ. ನೀರು ಕೊಟ್ಟಳು. ಟ್ರಂಕಿನಿಂದ ಅವನ ಅಂಗಿ ತಂದು ಮೇಜಿನ ಮೇಲಿಟ್ಟಳು. ಅವನು ಕಟ್ಟು ಬಿಚ್ಚಿ ಪಕ್ಕದಲ್ಲಿಟ್ಟ. ಅದೇ ತಿಳಿನೀಲಿ, ಅದೇ ಬೂದು ಗೆರೆ. ಒಗೆದು ಇಸ್ತ್ರಿ ಮಾಡಿಸಿದ್ದ. ಕೆಳಗಿನ ಕಪ್ಪು ಗುಂಡಿ ಹಾಗೆಯೇ ಇತ್ತು.

"ಮೊದಲಿಂದ ಗೊತ್ತಿತ್ತೇನ್ರಿ ವೈನಿ?"

"ಗುಂಡಿ ನಾ ಹಚ್ಚಿದ್ದು."

"ಹಂಗಾರ ಯಾಕ ಹೇಳ್ಲಿಲ್ರಿ ಯಾರಿಗೂ?"

"ನೀವ್ಯಾಕ ಹೇಳ್ಲಿಲ್ಲ?"

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕುಡಿದಿರಲಿಲ್ಲ.

"ಮುಂಜಾನಿ ನಾನೂ ಇಳದಿದ್ನಿ ತೊಟ್ಟಿಗೆ," ಎಂದ. "ಚಾ ಕುಡದು ಬಂದ್ನಿ, ಅಂಗಿ ಹಾಕ್ಕೊಂಡ್ನಿ. ಕಿಸೆದಾಗ ಫ್ಯೂಸ್ ಸಿಕ್ತು. ಅಯ್ಯ, ನಾನ ಮುಂಜಾನಿಂದು ಹಚ್ಚೂದು ಮರ್ತೀನಲ್ಲ ಅಂತ ಓಡಿಹೋಗಿ ಹಚ್ಚಿದ್ನಿ. ಅಣ್ಣ ಉಣ್ಣಾಕ ಹೋಗ್ಯಾನ ಅಂದ್ಕೊಂಡಿದ್ನಿ. ಒಂದ ಸಲ ಕೂಗಿದ್ರ ಮುಗೀತಿತ್ತು. ಕೂಗ್ಲಿಲ್ಲ. ಮನಿಗೆ ಹೋಗಿ ಅಂಗಿ ಬಿಚ್ಚಿದಾಗ ಗುಂಡಿ ನೋಡಿದ್ನಿ."

"ಅದು ತಪ್ಪಿ ಆಗಿದ್ದು," ಎಂದಳು ಅವ್ವ. "ಅದನ್ನ ನಾ ಅವತ್ತ ಬಿಟ್ಟೀನಿ. ಅವ್ರು ಮರ್ತಾರ ಅಂತ ಹೇಳಿದ್ರಲ್ಲ, ಅದಕ್ಕ ನನಗ ಇಷ್ಟ ವರ್ಷ ಬೇಕಾತು."

"ಹೆದರಿದ್ನಿ ವೈನಿ. ಹೇಂತಿ ಬಸುರಿ ಇದ್ಲು. ಜೇಲಿಗೆ ಹಾಕ್ತಾರ ಅಂತ."

"ಗೊತ್ತೈತಿ. ಈಗ ಅದನ್ನೂ ಬಿಟ್ಟೀನಿ. ನನಗ ಅಳೂನೂ ಬರವಲ್ದು, ನಿಮ್ಮನ್ನ ನೋಡಿ ಸಂತೋಷಾನೂ ಆಗವಲ್ದು. ಅದನ್ನ ಕೇಳಬ್ಯಾಡ್ರಿ. ಆದ್ರ ಬಿಟ್ಟೀನಿ."

ಕಾಕಾ ಅಳಲಿಲ್ಲ. ಅವನ ಕತ್ತು ಮಾತ್ರ ಮೆಲ್ಲಗೆ ತಗ್ಗುತ್ತಾ ಹೋಯಿತು. "ನಾ ಈಗ ಏನ ಮಾಡ್ಲಿ?" ಎಂದ.

"ಅವ್ರು ಮರ್ತಿರಲಿಲ್ಲ ಅಂತ ಹೇಳ್ರಿ."

"ಯಾರಿಗೆ ಹೇಳ್ಲಿ? ಫ್ಯಾಕ್ಟರಿ ಇಲ್ಲ, ಸೇಠರಿಲ್ಲ."

"ಅದು ನಿಮಗ ಬಿಟ್ಟಿದ್ದು. ಹೇಳಿದ್ರ ಕ್ಷಮಿಸ್ತೀನಿ ಅಂತಲ್ಲ. ಅದು ಆಗಿಹೋಗೈತಿ."

ನಾನು ಚಹಾ ತಂದೆ. ಅವನು ನನ್ನ ಮುಖ ನೋಡಿದ. ನಾನು ಬಟ್ಟಲನ್ನು ನೋಡಿದೆ. ಹೋಗುವಾಗ ತನ್ನ ಅಂಗಿಯನ್ನು ಅದೇ ಕಾಗದದಲ್ಲಿ ಸುತ್ತಿಕೊಂಡು ಹೋದ. ಅವ್ವ ಅಪ್ಪನ ಅಂಗಿಯನ್ನು ಬಹಳ ಹೊತ್ತು ಮುಟ್ಟದೆ ಮೇಜಿನ ಮೇಲೇ ಬಿಟ್ಟಿದ್ದಳು.

ಮರುದಿನ ಮಧ್ಯಾಹ್ನ, ಅಯ್ಯನವರು ಎಲ್ಲರನ್ನೂ ಮೇಜಿಗೆ ಕರೆಯುವ ಮುಂಚೆ, ಕಾಕಾ ತನ್ನ ಬೆಂಚಿನಲ್ಲಿ ಎದ್ದು ನಿಂತ. ನಮ್ಮಲ್ಲಿ ಸಾಕ್ಷಿ ಹೇಳಲು ಯಾರಾದರೂ ಏಳುವುದುಂಟು, ಆದರೆ ಆ ಹೊತ್ತಿನಲ್ಲಿ ಅಲ್ಲ. ಅಯ್ಯನವರು ತಡೆಯಲಿಲ್ಲ. ಅವನು ಚಿಕ್ಕದಾಗಿ ಹೇಳಿದ. ಫ್ಯೂಸನ್ನು ಅಣ್ಣ ಕಿತ್ತಿದ್ದ. ಜೇಬಿನಲ್ಲೇ ಇಟ್ಟಿದ್ದ. ಆತ ಯಾವತ್ತೂ ಮರೆತವನಲ್ಲ. ಅಂಗಿ ತನ್ನದೆಂದು ಹಾಕಿಕೊಂಡು, ಯಂತ್ರ ಹಚ್ಚಿದವನು ತಾನು. ಸುಳ್ಳು ಹೇಳಿದವನೂ ತಾನು. ನಾಳೆ ಬೇರೆ ಎಲ್ಲಿ ಹೇಳಬೇಕೆಂದರೆ ಅಲ್ಲಿಯೂ ಹೇಳುತ್ತೇನೆ ಎಂದ.

ಹಿಂದಿನ ಸಾಲಿನಲ್ಲಿ ಒಬ್ಬರು 'ಸ್ವಾಮೀ' ಎಂದರು. ಒಂದೇ ಥಾನಿನ ಅಂಗಿ ಹೊಲಿಸಿಕೊಂಡಿದ್ದ ಗಂಡಸರು ಇನ್ನೂ ಕೆಲವರಿದ್ದರು. ಅವರಲ್ಲಿ ಒಬ್ಬ ಮುದುಕ ತನ್ನ ಎದೆಯ ಜೇಬನ್ನು ಸುಮ್ಮನೆ ಮುಟ್ಟಿ ನೋಡಿಕೊಂಡ.

ಅಯ್ಯನವರು ಕರೆದರು. ಗಂಡಸರ ಸಾಲು ಎದ್ದಿತು. ಕಾಕಾ ಕುಳಿತೇ ಇದ್ದ. ಎಲ್ಲ ಹೇಳಿದ ಮೇಲೆ ಇನ್ನು ತನಗೆ ಅಲ್ಲಿ ಜಾಗವಿಲ್ಲ ಎಂದುಕೊಂಡಿರಬೇಕು. ಹೆಂಗಸರ ಸರದಿ ಇನ್ನೂ ಬಂದಿರಲಿಲ್ಲ. ನನ್ನ ಪಕ್ಕ ಅವ್ವನ ಸೀರೆ ಸರಿದ ಸದ್ದಾಯಿತು. ಅವಳು ಎದ್ದು, ನಡುವಿನ ದಾರಿ ದಾಟಿ, ಗಂಡಸರ ಕಡೆಗೆ ಹೋದಳು. ನಮ್ಮ ಸಭೆಯಲ್ಲಿ ಯಾವ ಹೆಂಗಸೂ ಹಾಗೆ ದಾಟಿದ್ದನ್ನು ನಾನು ಕಂಡಿರಲಿಲ್ಲ. ಅವನ ಬೆಂಚಿನ ತುದಿಗೆ ಹೋಗಿ ನಿಂತಳು. ಮುಖದಲ್ಲಿ ಏನೂ ಇರಲಿಲ್ಲ. ನಲ್ಲಿಯ ಹತ್ತಿರ ಸರದಿಗೆ ನಿಂತಾಗ ಇರುತ್ತಿದ್ದ ಮುಖವೇ.

"ಏಳೋ," ಎಂದಳು.

ಅವನು ಏಳಲಿಲ್ಲ.

"ಏಳೋ, ಮಂದಿ ಕಾಯಾಕತ್ತಾರ."

ಇಬ್ಬರೂ ಮುಂದೆ ಹೋಗಿ ಗಂಡಸರ ಸಾಲಿನ ಕೊನೆಗೆ ಮೊಣಕಾಲೂರಿದರು. ಅಯ್ಯನವರು ಅವ್ವನಿಗೆ ಬಟ್ಟಲು ಕೊಟ್ಟು, ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಕಾಕಾನ ಬಾಯಿಗೆ ಹಿಡಿದರು. ಅವನ ಹಲ್ಲು ಬಟ್ಟಲಿಗೆ ತಾಗಿದ ಸದ್ದು ನನ್ನ ಬೆಂಚಿನವರೆಗೆ ಕೇಳಿಸಿತು. ಹೆಂಗಸರ ಸರದಿ ಬಂದಾಗ ನಾನು ಏಳಲಿಲ್ಲ. ನಮ್ಮ ಬೆಂಚಿನಲ್ಲಿ ಆ ದಿನ ನಾನೊಬ್ಬಳೇ.

ಮನೆಗೆ ಬಂದ ಮೇಲೆ ಅವ್ವ ಎಂದಿನಂತೆ ಅನ್ನಕ್ಕಿಟ್ಟಳು. ಅಪ್ಪನ ಅಂಗಿಯನ್ನು ಟ್ರಂಕಿನಲ್ಲಿಟ್ಟಳು. ದೀಪ ಹಚ್ಚಿ ಇಬ್ಬರೂ ಚಾಪೆಯ ಮೇಲೆ ಕುಳಿತೆವು. ಅವಳು ಶುರುಮಾಡಿದಳು. ಊರಿನ ಅಜ್ಜಿ, ಅಯ್ಯನವರು, ಆಳುವವರು, ಸೇಠರ ಮನೆಯವರು. ಕಾಕಾನ ಹೆಸರು ಹೇಳಿದಳು. ಅಲ್ಲಿಗೆ ನಿಂತಳು.

ಕಾದೆ. ಅವಳು ಮತ್ತೊಮ್ಮೆ ಅವನ ಹೆಸರು ಹೇಳಿದಳು, ಈಗಷ್ಟೇ ಕೇಳಿಸಿಕೊಂಡವಳಂತೆ. ಆಮೇಲೆ ತುಟಿ ಅಲುಗಿತು, ಮಾತು ಬರಲಿಲ್ಲ. ಅಷ್ಟು ವರ್ಷ ಒಂದು ದಿನವೂ ತಪ್ಪದ ಪ್ರಾರ್ಥನೆ ಅಲ್ಲಿ ಕಡಿದುಹೋಗಿತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ಮುಂದ ಏನೇ?" ಎಂದಳು. ಕಣ್ಣಲ್ಲಿ ನೀರಿತ್ತು.

ನನಗೆ ಆಗಲೂ ಏನೂ ಅನ್ನಿಸಿರಲಿಲ್ಲ. ಆದರೆ ಕ್ರಮ ಬಾಯಿಗೆ ಬರುತ್ತಿತ್ತು. ಕಾಕಾನ ಹೆಸರಿನಿಂದಲೇ ಹಿಡಿದು ನಾನು ಹೇಳಿದೆ, ಅವನ ಹೆಸರು, ಅವನ ಮನೆ, ಕೆಳಗಿನ ಮನೆಯ ಅಜ್ಜಿಯ ಮೊಣಕಾಲು. ಅವ್ವ ನನ್ನ ಹಿಂದೆ ಹೇಳಿದಳು.